ತಂಪು ಎಲ್ಲಿಂದ ಬಂತು, ಬಿಸಿ ಎಲ್ಲಿಗೆ ಹೋಯಿತು?

ಅಂತಾರಾಷ್ಟ್ರೀಯ ಒಪ್ಪಂದಗಳ ಕುರುಹು ಎಲ್ಲಿ ಸಿಗುತ್ತದೆ ಎಂದು ಇತಿಹಾಸದ ವಿದ್ಯಾರ್ಥಿಯನ್ನು ಕೇಳಿದರೆ ಆತ ಯಾವುದಾದರೊಂದು ಪತ್ರಾಗಾರದ ಹೆಸರು ಹೇಳುತ್ತಾನೆ. ಆದರೆ ಒಂದು ಒಪ್ಪಂದದ ಕುರುಹು ನಮ್ಮ ಊರಿನ ಗ್ಯಾರೇಜಿನಲ್ಲೇ ಸಿಗುತ್ತದೆ. ಏಸಿ ಇರುವ ಬಹಳ ಹಳೆಯ ಕಾರಿನ ಬಾನೆಟ್ ಎತ್ತಿ ನೋಡಿ. ಗ್ಯಾಸ್ ತುಂಬುವ ಬಾಯಿಯ ಹೊರಗೆ ತಿರುಪಿನ ಗೆರೆಗಳಿರುತ್ತವೆ. ಈಗಿನ ಕಾರಿನಲ್ಲಿ ತಿರುಗಿಸುವ ಕೆಲಸವಿಲ್ಲ, ಒತ್ತಿದರೆ ಕಚ್ಚಿಕೊಳ್ಳುವ ಬಾಯಿ ಇದೆ. ಅದರಲ್ಲೂ ಹೆಚ್ಚು ಒತ್ತಡದ ಕಡೆಗೆ ಒಂದು ಅಳತೆ, ಕಡಿಮೆ ಒತ್ತಡದ ಕಡೆಗೆ ಇನ್ನೊಂದು ಅಳತೆ. ಹಳೆಯ ಗ್ಯಾಸಿನ ಪೈಪು ಹೊಸ ಕಾರಿಗೆ ಕೂಡಲೇಬಾರದು ಎಂದು ಬೇಕೆಂದೇ ಹೀಗೆ ಮಾಡಿದ್ದಾರೆ. ಈ ಎರಡು ಬಾಯಿಗಳ ನಡುವೆ ಇರುವುದು 1987ರ ಮಾಂಟ್ರಿಯಲ್ ಒಪ್ಪಂದ.

ನನ್ನ ಸಂಶೋಧನೆಯ ವಿಷಯ ಕಲ್ಯಾಣ ಕರ್ನಾಟಕದ ಮೋಟಾರು ಸಾರಿಗೆ ಮತ್ತು ಅದನ್ನು ರಿಪೇರಿ ಮಾಡುವವರ ಬದುಕು. ಕ್ಷೇತ್ರಕಾರ್ಯದ ಬಹುಪಾಲು ದಿನಗಳು ಗ್ಯಾರೇಜುಗಳಲ್ಲೇ ಕಳೆಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಕೂತವರಿಗೆ ಒಂದು ದೂರು ಪದೇಪದೇ ಕೇಳಿಸುತ್ತದೆ: "ಏಸಿ ಹಾಕಿದ್ರೂ ತಂಪ ಬರವಲ್ದು." ಇದು ಸಣ್ಣ ದೂರು ಎನಿಸಬಹುದು. ಆದರೆ ಅದಕ್ಕೆ ಪೂರ್ತಿ ಉತ್ತರ ಹುಡುಕಲು ಹೋದರೆ ನೂರು ವರ್ಷಗಳ ಒಂದು ಚರಿತ್ರೆ ಬಿಚ್ಚಿಕೊಳ್ಳುತ್ತದೆ. ಆ ಚರಿತ್ರೆಯನ್ನು ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಓದುತ್ತೇನೆ. ಯಂತ್ರ ತಂಪನ್ನು ಹುಟ್ಟಿಸುವುದಿಲ್ಲ, ಬಿಸಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ. ಹಾಗಾದರೆ ಆ ಬಿಸಿ ಯಾರ ಮೇಲೆ ಬಿತ್ತು?

ಮೊದಲು ಕೆಲಸದ ರೀತಿ ನೋಡೋಣ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ನಮಗೆಲ್ಲ ಗೊತ್ತು. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದುದೂ ಇದೇ ತತ್ವದ ಮೇಲೆ. ದ್ರವ ಆವಿಯಾಗುವಾಗ ಬಿಸಿಯನ್ನು ಹೀರುತ್ತದೆ ಎಂಬುದನ್ನು ಪ್ರಯೋಗಶಾಲೆಗೆ ತಂದವನು ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಕಲೆನ್. ಪಾತ್ರೆಯೊಳಗಿನ ಗಾಳಿಯನ್ನು ಹೊರತೆಗೆದು, ಈಥರ್ ಕುದಿಯುವಂತೆ ಮಾಡಿ, ನೀರು ಹೆಪ್ಪುಗಟ್ಟುವುದನ್ನು ಆತ 18ನೆಯ ಶತಮಾನದ ನಡುವಿನಲ್ಲೇ ತೋರಿಸಿದ. ಹೀಗೆ ಹಾರಿಹೋದ ಆವಿಯನ್ನು ಹಿಡಿದು, ಒತ್ತಿ, ಮತ್ತೆ ದ್ರವ ಮಾಡಿ, ಅದನ್ನೇ ಮರುಬಳಸುವ ಯಂತ್ರಕ್ಕೆ 1834ರಲ್ಲಿ ಜೇಕಬ್ ಪರ್ಕಿನ್ಸ್ ಪೇಟೆಂಟ್ ಪಡೆದ. ಇಂದಿನ ಕಾರಿನ ಏಸಿಯ ಮೂಲ ಸೂತ್ರ ಅದೇ.

ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಕೂಲಿಂಗ್ ಕಾಯಿಲ್ ಇರುತ್ತದೆ. ಅದರೊಳಗೆ ಗ್ಯಾಸು ಕಡಿಮೆ ಒತ್ತಡದಲ್ಲಿ ಕುದಿದು ಆವಿಯಾಗುತ್ತ ಕ್ಯಾಬಿನ್ನಿನ ಬಿಸಿಯನ್ನು ಹೀರುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಆ ಆವಿಯನ್ನು ಎಳೆದು ಒತ್ತುತ್ತದೆ. ಒತ್ತಿದ ಆವಿ ಹೊರಗಿನ ಗಾಳಿಗಿಂತಲೂ ಬಿಸಿಯಾಗುತ್ತದೆ. ಅದು ಕಾರಿನ ಮೂತಿಯಲ್ಲಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಬಂದು, ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಆಮೇಲೆ ಸಣ್ಣ ಕಿಂಡಿಯಂಥ ಎಕ್ಸ್‌ಪಾನ್ಷನ್ ವಾಲ್ವ್ ದಾಟಿ, ಒತ್ತಡ ಕಳೆದುಕೊಂಡು, ಮತ್ತೆ ಕೂಲಿಂಗ್ ಕಾಯಿಲಿಗೆ ಹೋಗುತ್ತದೆ.

ಇಡೀ ಕಷ್ಟ ಇರುವುದು ಕಂಡೆನ್ಸರಿನಲ್ಲಿ. ಬಿಸಿ ಯಾವಾಗಲೂ ಹೆಚ್ಚು ಬಿಸಿಯಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಿಯುತ್ತದೆ. ಹೊರಗೆ 25 ಡಿಗ್ರಿ ಇದ್ದಾಗ ಕಂಡೆನ್ಸರಿನ ಕೆಲಸ ಸಲೀಸು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ, ಅದೂ ಟಾರು ರಸ್ತೆಯ ಮೇಲಿನ ಗಾಳಿ ಇನ್ನಷ್ಟು ಕಾದಿರುವಾಗ, ಒಳಗಿನ ಗ್ಯಾಸು ಅದಕ್ಕಿಂತ ಬಹಳ ಮೇಲೆ, ಸುಮಾರು 60 ಡಿಗ್ರಿಗೆ ಏರಬೇಕು. ಈಗ ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ ಗ್ಯಾಸು 30 ಡಿಗ್ರಿಯಲ್ಲಿ ದ್ರವವಾಗಲು ಗಾಳಿಯ ಒತ್ತಡದ ಸುಮಾರು 8 ಪಟ್ಟು ಸಾಕು. 60 ಡಿಗ್ರಿಯಲ್ಲಿ ಅದು ಸುಮಾರು 17 ಪಟ್ಟಾಗುತ್ತದೆ. ಅಂದರೆ ಯಾವ ದಿನ ನಮಗೆ ತಂಪು ಹೆಚ್ಚು ಬೇಕೋ ಆ ದಿನವೇ ಯಂತ್ರಕ್ಕೆ ತಂಪು ಕೊಡುವುದು ಅತಿ ಕಷ್ಟ. ಚಳಿಗಾಲದಲ್ಲಿ ಮುಚ್ಚಿಹೋಗುವ ಸಣ್ಣಪುಟ್ಟ ದೋಷಗಳೆಲ್ಲ ಬೇಸಿಗೆಯಲ್ಲಿ ಒಟ್ಟಿಗೆ ಹೊರಬೀಳುವುದು ಇದಕ್ಕೇ.

*

ಗಾಳಿಯನ್ನು ಯಂತ್ರದಿಂದ ಹದಗೊಳಿಸುವ ಆಧುನಿಕ ಪ್ರಯತ್ನದ ಪ್ರಸಿದ್ಧ ಆರಂಭ ಮನುಷ್ಯರ ಸುಖಕ್ಕಾಗಿ ಆದದ್ದಲ್ಲ, ಕಾಗದಕ್ಕಾಗಿ ಆದದ್ದು ಎಂಬುದು ಸಾಹಿತ್ಯದ ಓದುಗರಿಗೆ ಇಷ್ಟವಾಗಬಹುದು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗುವ ಬಣ್ಣಗಳು ಜಾಗ ತಪ್ಪುತ್ತಿದ್ದವು. ಗಾಳಿಯ ತೇವವನ್ನು ಹತೋಟಿಗೆ ತರುವ ವ್ಯವಸ್ಥೆಯನ್ನು ವಿನ್ಯಾಸ ಮಾಡಿದ್ದು ತರುಣ ಎಂಜಿನಿಯರ್ ವಿಲಿಸ್ ಕ್ಯಾರಿಯರ್. 'ಏರ್ ಕಂಡೀಷನಿಂಗ್' ಎಂಬ ಹೆಸರು ಬಂದದ್ದು 1906ರಲ್ಲಿ, ಅದೂ ಬಟ್ಟೆ ಗಿರಣಿಗಳ ಎಂಜಿನಿಯರ್ ಸ್ಟುವರ್ಟ್ ಕ್ರೇಮರ್ ಬಾಯಿಂದ. ಮೊದಲು ಕಾಗದ, ಆಮೇಲೆ ನೂಲು, ಬಹಳ ತಡವಾಗಿ ಮನುಷ್ಯರು.

ಮನುಷ್ಯರ ಹತ್ತಿರ ಈ ಯಂತ್ರವನ್ನು ತರಲು ಒಂದು ದೊಡ್ಡ ಅಡ್ಡಿಯಿತ್ತು. ಆಗ ಬಳಸುತ್ತಿದ್ದ ಗ್ಯಾಸುಗಳು ಅಮೋನಿಯ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಎಲ್ಲವೂ ವಿಷ, ಕೆಲವು ಬೆಂಕಿಯನ್ನೂ ಹಿಡಿಯುತ್ತವೆ. 1920ರ ದಶಕದ ಕೊನೆಯಲ್ಲಿ ಷಿಕಾಗೊದಲ್ಲಿ ಫ್ರಿಜ್ಜಿನಿಂದ ಸೋರಿದ ಮೀಥೈಲ್ ಕ್ಲೋರೈಡಿಗೆ ಹಲವರು ಸತ್ತರು. ಮುಚ್ಚಿದ ಕಾರಿನೊಳಗೆ ಇಂಥದ್ದನ್ನು ತರುವುದು ಯೋಚಿಸುವ ಮಾತೇ ಆಗಿರಲಿಲ್ಲ.

ಆ ಅಡ್ಡಿಯನ್ನು ನಿವಾರಿಸಿದ್ದು ಕಾರು ತಯಾರಿಸುವ ಜನರಲ್ ಮೋಟಾರ್ಸ್ ಸಂಸ್ಥೆಯೇ. ಫ್ರಿಜಿಡೇರ್ ಎಂಬ ಫ್ರಿಜ್ ಕಂಪನಿ ಆಗ ಅದರ ಕೈಯಲ್ಲಿತ್ತು. ಅದಕ್ಕಾಗಿ ಸುರಕ್ಷಿತ ಗ್ಯಾಸು ಹುಡುಕಲು ಥಾಮಸ್ ಮಿಡ್ಗ್ಲೆ ಎಂಬ ಸಂಶೋಧಕನಿಗೆ ಕೆಲಸ ವಹಿಸಲಾಯಿತು. 1928ರಲ್ಲಿ ಆತ ಮತ್ತು ಅವನ ಸಂಗಡಿಗರು ಕಂಡುಕೊಂಡದ್ದು ಕ್ಲೋರಿನ್, ಫ್ಲೋರಿನ್, ಕಾರ್ಬನ್ ಸೇರಿದ ಸಂಯುಕ್ತಗಳ ಗುಂಪು. ಅದರಲ್ಲಿ ಒಂದು, ಫ್ರಿಯಾನ್ ಎಂಬ ಹೆಸರಿನಲ್ಲಿ ಮಾರಾಟವಾದ ಆರ್-12. 1930ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಮಿಡ್ಗ್ಲೆ ಆ ಗ್ಯಾಸನ್ನು ಎದೆತುಂಬ ಎಳೆದುಕೊಂಡು, ಉರಿಯುತ್ತಿದ್ದ ಮೇಣದಬತ್ತಿಯ ಮೇಲೆ ಊದಿದ. ಮನುಷ್ಯ ಸಾಯಲಿಲ್ಲ, ದೀಪ ಆರಿತು. ವಿಷವಲ್ಲ, ಉರಿಯುವುದೂ ಇಲ್ಲ ಎಂದು ಒಂದೇ ಉಸಿರಿನಲ್ಲಿ ಸಾಬೀತಾಯಿತು.

ಇದೇ ಮಿಡ್ಗ್ಲೆ ಅದಕ್ಕೂ ಮೊದಲು, 1921ರಲ್ಲಿ, ಎಂಜಿನ್ನಿನ ಬಡಿತ ತಪ್ಪಿಸಲು ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಕಂಡುಹಿಡಿದವನು. ಆ ಸೀಸವನ್ನು ಭಾರತ ಪೆಟ್ರೋಲಿನಿಂದ ತೆಗೆದದ್ದು 2000ದಲ್ಲಿ. ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯ ನಿಲ್ಲಿಸಿದ್ದು 2021ರಲ್ಲಿ. ಪೋಲಿಯೊದಿಂದ ಹಾಸಿಗೆ ಹಿಡಿದಿದ್ದ ಮಿಡ್ಗ್ಲೆ, ತಾನು ಎದ್ದು ಕೂರಲು ಹಗ್ಗ ಗಾಲಿಗಳಿಂದ ಮಾಡಿಕೊಂಡಿದ್ದ ಸಲಕರಣೆಯಲ್ಲೇ ಸಿಲುಕಿ 1944ರಲ್ಲಿ ತೀರಿಕೊಂಡ. ಈ ಸಾವನ್ನು ನೀತಿಕಥೆಯಂತೆ ಹೇಳುವ ರೂಢಿ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಸೀಸ ವಿಷವೆಂಬುದು ಆಗಲೇ ಎಲ್ಲರಿಗೂ ಗೊತ್ತಿತ್ತು, ಅದನ್ನು ತಿಳಿದೇ ಮಾರಿದರು. ಆದರೆ ಫ್ರಿಯಾನಿನ ವಿಷಯ ಬೇರೆ. ಮುಚ್ಚಿದ ಕೋಣೆಯಲ್ಲಿ ಅದು ನಿಜಕ್ಕೂ ಜೀವ ಉಳಿಸಿತು. ಯಾವುದರ ಜೊತೆಗೂ ಬೆರೆಯದೆ ಗಟ್ಟಿಯಾಗಿ ಉಳಿಯುವ ಅದರ ಗುಣವೇ ಮುಂದೆ ಅಪಾಯವಾದೀತು ಎಂದು 1930ರಲ್ಲಿ ಊಹಿಸುವುದು ಸುಲಭವಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಚರಿತ್ರೆಯಿಂದ ಕಲಿಯುವುದೇನೂ ಉಳಿಯುವುದಿಲ್ಲ.

*

ಕಾರಖಾನೆಯಿಂದಲೇ ಏಸಿ ಹಾಕಿಸಿಕೊಂಡು ಬಂದ ಮೊದಲ ಕಾರು ಅಮೆರಿಕದ ಪ್ಯಾಕಾರ್ಡ್. ಅದನ್ನು 1939ರಲ್ಲಿ ಷಿಕಾಗೊದ ಪ್ರದರ್ಶನದಲ್ಲಿ ತೋರಿಸಿದರು. ಏಸಿಗೆ ಬೇರೆಯಾಗಿ 274 ಡಾಲರ್. ಕೂಲಿಂಗ್ ಕಾಯಿಲ್ ಹಿಂದಿನ ಸೀಟಿನ ಬೆನ್ನಿಗಿದ್ದು ಡಿಕ್ಕಿಯ ಬಹಳಷ್ಟು ಜಾಗ ನುಂಗುತ್ತಿತ್ತು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಏಸಿ ಬೇಡವೆಂದರೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ ಬೆಲ್ಟ್ ಕಳಚಬೇಕು. ಹೆಚ್ಚು ಜನ ಕೊಳ್ಳಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. 1954ರಲ್ಲಿ ನ್ಯಾಶ್ ಕಂಪನಿ ಬಿಸಿ, ತಂಪು, ಗಾಳಿ ಮೂರನ್ನೂ ಸೇರಿಸಿ, ಯಂತ್ರವನ್ನೆಲ್ಲ ಮುಂಭಾಗದಲ್ಲೇ ಅಡಗಿಸಿದ ಮೇಲೆ ಕಾರಿನ ಏಸಿ ಇಂದಿನ ರೂಪಕ್ಕೆ ಬಂತು. 1969ರ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಏಸಿ ಇತ್ತು.

1968ರಲ್ಲಿ ಅಮೆರಿಕನ್ ಮೋಟಾರ್ಸ್ ತನ್ನ ಒಂದು ಕಾರಿನ ಎಲ್ಲ ಮಾದರಿಗಳಿಗೂ ಏಸಿಯನ್ನು ಕಡ್ಡಾಯ ಭಾಗವಾಗಿಸಿತು. ಆ ಕಾರಿನ ಹೆಸರು ಅಂಬಾಸಡರ್. ಅದೇ ಹೆಸರಿನ ನಮ್ಮ ಕಾರು ಆ ವರ್ಷ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ನಮ್ಮ ಅಂಬಾಸಡರಿನಲ್ಲಿ ತಂಪಿಗೆ ಇದ್ದದ್ದು ಮುಂದಿನ ತ್ರಿಕೋನಾಕಾರದ ಸಣ್ಣ ಗಾಜು. ಅದನ್ನು ಓರೆ ಮಾಡಿದರೆ ಓಡುವ ಕಾರಿನೊಳಗೆ ಗಾಳಿ ನುಗ್ಗುತ್ತಿತ್ತು. ಮುಂದೆ ಟ್ಯಾಕ್ಸಿಗಳಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟ್ಟ ಫ್ಯಾನು ಬಂತು.

ಅಮೆರಿಕದ ದಕ್ಷಿಣ ರಾಜ್ಯಗಳ ಸಂಸ್ಕೃತಿಯನ್ನು ಏಸಿ ಹೇಗೆ ಬದಲಿಸಿತು ಎಂದು ರೇಮಂಡ್ ಆರ್ಸೆನಾಲ್ಟ್ ಎಂಬ ಇತಿಹಾಸಕಾರರು 1984ರಲ್ಲಿ ಒಂದು ಪ್ರಬಂಧ ಬರೆದಿದ್ದಾರೆ. ಸಂಜೆ ಮನೆಯ ಮುಂದಿನ ಜಗಲಿಯಲ್ಲಿ ಕೂರುವ ರೂಢಿ ಮಾಯವಾಗಿ, ಜನ ಬಾಗಿಲು ಹಾಕಿಕೊಂಡು ಒಳಗೆ ಸರಿದದ್ದು ಅವರ ವಾದದ ಒಂದು ಎಳೆ. ಕಾರಿಗೂ ಈ ಮಾತು ಒಪ್ಪುತ್ತದೆ. ಗಾಜು ಇಳಿಸಿಕೊಂಡು ಹೋಗುವವನಿಗೆ ರಸ್ತೆಯ ಧೂಳು, ಸದ್ದು, ಪಕ್ಕದ ಆಟೊದವನ ಬೈಗುಳ, ಕಬ್ಬಿನ ಹಾಲಿನವನ ಕೂಗು ಎಲ್ಲ ತಲುಪುತ್ತಿತ್ತು. ಗಾಜು ಏರಿಸಿದವನಿಗೆ ರಸ್ತೆ ಒಂದು ಮೂಕಚಿತ್ರ. ಅವನ ಕಾರು ಹೊರಗೆ ಉಗುಳುವ ಬಿಸಿಗಾಳಿ ಮಾತ್ರ ಪಕ್ಕದ ದ್ವಿಚಕ್ರ ಸವಾರನ ಕಾಲಿಗೆ ತಾಗುತ್ತಿರುತ್ತದೆ.

*

ಮನೆಯ ಫ್ರಿಜ್ಜಿಗೂ ಕಾರಿನ ಏಸಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಫ್ರಿಜ್ಜಿನಲ್ಲಿ ಮೋಟಾರು, ಕಂಪ್ರೆಸರ್ ಎರಡೂ ಬೆಸುಗೆ ಹಾಕಿದ ಒಂದೇ ಡಬ್ಬಿಯೊಳಗಿರುತ್ತವೆ. ಹಾಗಾಗಿ ಗ್ಯಾಸು ಹತ್ತಾರು ವರ್ಷ ಒಳಗೇ ಉಳಿಯುತ್ತದೆ. ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಕಂಪ್ರೆಸರನ್ನು ಹೊರಗಿನ ಬೆಲ್ಟು ತಿರುಗಿಸಬೇಕು, ಆದ್ದರಿಂದ ಅದರ ಅಚ್ಚು ಡಬ್ಬಿಯಿಂದ ಹೊರಗೆ ಚಾಚಿರುತ್ತದೆ. ಆ ಅಚ್ಚಿನ ಸುತ್ತ ಒಂದು ರಬ್ಬರ್ ಸೀಲು. ಎಂಜಿನ್ ಅಲುಗಾಡುವುದರಿಂದ ಪೈಪುಗಳೂ ಅಲ್ಲಲ್ಲಿ ರಬ್ಬರಿನವೇ ಆಗಬೇಕು. ಎಂಜಿನ್ನಿನ ಕಾವು, ರಸ್ತೆಯ ಕುಲುಕಾಟ, ವರ್ಷಗಳ ಸವೆತ ಸೇರಿ ಗ್ಯಾಸು ಸ್ವಲ್ಪಸ್ವಲ್ಪವೇ ಜಾರಿಹೋಗುತ್ತದೆ. ಕಾರಿನ ಏಸಿ ಜಗತ್ತಿನಲ್ಲಿ ಈ ಗ್ಯಾಸನ್ನು ಗಾಳಿಗೆ ಬಿಡುವ ದೊಡ್ಡ ಮೂಲಗಳಲ್ಲಿ ಒಂದಾದದ್ದು ಈ ಕಾರಣಕ್ಕೆ.

ಹಾಗೆ ಜಾರಿಹೋದದ್ದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರು ಕ್ಯಾಲಿಫೋರ್ನಿಯದ ಶೆರ್ವುಡ್ ರೋಲೆಂಡ್ ಮತ್ತು ಮೆಕ್ಸಿಕೊದಿಂದ ಬಂದಿದ್ದ ತರುಣ ಸಂಶೋಧಕ ಮಾರಿಯೊ ಮೊಲಿನ. ನೆಲದ ಹತ್ತಿರ ಈ ಗ್ಯಾಸನ್ನು ಒಡೆಯುವಂಥದ್ದು ಏನೂ ಇಲ್ಲ. ಅದು ನಿಧಾನವಾಗಿ ಮೇಲೇರಿ ಸೂರ್ಯನ ಅತಿನೇರಳೆ ಕಿರಣಕ್ಕೆ ಒಡೆದು ಕ್ಲೋರಿನ್ ಬಿಡುತ್ತದೆ, ಆ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆ ಎಂದು 1974ರಲ್ಲಿ ಅವರು ಬರೆದರು. ಉದ್ಯಮ ಒಪ್ಪಲಿಲ್ಲ. 1985ರಲ್ಲಿ ಅಂಟಾರ್ಕ್ಟಿಕದ ಹ್ಯಾಲಿ ಕೇಂದ್ರದ ಅಳತೆಗಳನ್ನು ಆಧರಿಸಿ ಮೂವರು ಬ್ರಿಟಿಷ್ ವಿಜ್ಞಾನಿಗಳು ಓಝೋನ್ ತೀವ್ರವಾಗಿ ಕುಸಿದಿರುವುದನ್ನು ಪ್ರಕಟಿಸಿದರು. ಎರಡು ವರ್ಷಗಳ ನಂತರ, 1987ರ ಸೆಪ್ಟೆಂಬರ್ 16ರಂದು, ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಮೊಲಿನ ಮತ್ತು ರೋಲೆಂಡ್ ಅವರಿಗೆ ಪಾಲ್ ಕ್ರುಟ್ಜನ್ ಜೊತೆ 1995ರಲ್ಲಿ ನೊಬೆಲ್ ಬಂತು.

ಭಾರತ ಆ ಸಹಿಯಲ್ಲಿ ಇರಲಿಲ್ಲ. ಈ ಭಾಗವನ್ನು ಪಠ್ಯಗಳು ಬೇಗ ದಾಟಿಬಿಡುತ್ತವೆ. ಆಕಾಶ ತೂತಾದದ್ದು ಯಾರ ಕಾರು, ಯಾರ ಫ್ರಿಜ್ಜುಗಳಿಂದ? ಒಂದು ವರ್ಷಕ್ಕೆ ತಲೆಗೆ 0.3 ಕಿಲೋಗ್ರಾಮಿಗಿಂತ ಕಡಿಮೆ ಬಳಸುವ ಬಡ ದೇಶಗಳಿಗೆ ಒಪ್ಪಂದ 10 ವರ್ಷದ ಹೆಚ್ಚಿನ ಗಡುವು ಕೊಟ್ಟಿತ್ತು. ನಮ್ಮ ಬಳಕೆ ಆ ಮಿತಿಗಿಂತ ಬಹಳ ಕೆಳಗಿತ್ತು. ಹೊಸ ಗ್ಯಾಸಿಗೆ ಬದಲಾಗುವ ಖರ್ಚು, ತಂತ್ರಜ್ಞಾನ ಯಾರು ಕೊಡುತ್ತಾರೆ ಎಂದು ಭಾರತ, ಚೀನಾ ಪಟ್ಟು ಹಿಡಿದವು. 1990ರ ಲಂಡನ್ ಸಭೆಯಲ್ಲಿ ಅದಕ್ಕಾಗಿ ಬಹುಪಕ್ಷೀಯ ನಿಧಿಯೊಂದು ಹುಟ್ಟಿತು. ಕೆಡಿಸಿದವರು ಹಣ ಕೊಡಬೇಕು ಎಂಬ ಮಾತು ಒಂದು ಪರಿಸರ ಒಪ್ಪಂದದಲ್ಲಿ ನಿಜವಾದ ಹಣದ ರೂಪ ಪಡೆಯಿತು. ಅದಾದ ಮೇಲೆ, 1992ರಲ್ಲಿ ಭಾರತ ಸೇರಿತು. ಮಾಂಟ್ರಿಯಲ್ ಒಪ್ಪಂದ ಗೆದ್ದದ್ದು ವಿಜ್ಞಾನದಿಂದ ಎನ್ನುತ್ತಾರೆ. ಅದು ನಿಜ. ಆದರೆ ಈ ಲೆಕ್ಕ ಬಗೆಹರಿದದ್ದೂ ಅಷ್ಟೇ ಮುಖ್ಯ ಎಂದು ನನಗನ್ನಿಸುತ್ತದೆ.

1990ರ ದಶಕದ ಆರಂಭದಲ್ಲಿ ಶ್ರೀಮಂತ ದೇಶಗಳ ಕಾರುಗಳು ಕ್ಲೋರಿನ್ ಇಲ್ಲದ ಆರ್-134ಎ ಗ್ಯಾಸಿಗೆ ಬದಲಾದವು. ಭಾರತದಲ್ಲಿ 2000ದ ನಿಯಮಗಳು ಬಂದು, 2003ರಿಂದ ಹೊಸ ಉಪಕರಣಗಳಲ್ಲಿ ಹಳೆಯ ಗ್ಯಾಸು ನಿಂತಿತು. 2010ರ ಹೊತ್ತಿಗೆ, ಔಷಧಿಯಂಥ ಕೆಲವು ವಿನಾಯಿತಿ ಬಿಟ್ಟರೆ, ಅದರ ಬಳಕೆಯೇ ಮುಗಿಯಿತು. ಈ ನಡುವೆ ಸಾವಿರಾರು ಮೆಕ್ಯಾನಿಕ್ಕುಗಳಿಗೆ ತರಬೇತಿ ಕೊಡಲಾಯಿತು. ಹಳೆಯ ಗ್ಯಾಸಿಗೆ ಹೊಂದುತ್ತಿದ್ದ ಕಂಪ್ರೆಸರ್ ಎಣ್ಣೆ ಹೊಸದಕ್ಕೆ ಹೊಂದುವುದಿಲ್ಲ, ಪೈಪಿನ ಬಾಯಿ ಬೇರೆ, ಒತ್ತಡ ಬೇರೆ. ಒಂದು ಒಪ್ಪಂದ ಜಾರಿಯಾಗುವುದೆಂದರೆ ಗ್ಯಾರೇಜಿನ ಹುಡುಗನೊಬ್ಬ ಹೊಸ ಅಳತೆ ಕಲಿಯುವುದು.

*

ಆ ಕಲಿಕೆ ಎಲ್ಲಿಯವರೆಗೆ ತಲುಪಿದೆ ಎಂಬುದನ್ನು ಎರಡು ವರ್ಷದ ಹಿಂದೆ ಹತ್ತಿರದಿಂದ ನೋಡಿದೆ. ಮೇ ತಿಂಗಳು, ಬಾಡಿಗೆ ಕಾರಿನಲ್ಲಿ ಕಲಬುರಗಿಯಿಂದ ಶಹಾಪುರದ ಕಡೆ ಹೊರಟಿದ್ದೆ. ಹದಿನೈದು ದಿನದ ಹಿಂದಷ್ಟೇ ಒಂದು ಅಂಗಡಿಯಲ್ಲಿ ಗ್ಯಾಸ್ ತುಂಬಿಸಿದ್ದರೂ ತಂಪಿಲ್ಲ ಎಂದು ಡ್ರೈವರ್ ಗೊಣಗುತ್ತಿದ್ದ. ಮಧ್ಯಾಹ್ನ ದಾರಿಯಲ್ಲೇ ಒಂದು ತಗಡಿನ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಅರವತ್ತರ ಆಸುಪಾಸಿನ ಉಸ್ತಾದರು ಗೇಜು ಹಚ್ಚುವ ಮೊದಲು ಒಂದೇ ಪ್ರಶ್ನೆ ಕೇಳಿದರು.

"ಗಾಡಿ ಓಡೂ ಮುಂದ ತಂಪ ಬರ್ತದೋ, ನಿಂತಾಗ ಬರ್ತದೋ?"

"ಓಡೂ ಮುಂದ ಸ್ವಲ್ಪ ಬರ್ತದ ಉಸ್ತಾದ. ನಿಂತ್ರ ಬರೇ ಬಿಸಿ ಗಾಳಿ."

"ಹಂಗಿದ್ರ ಅದು ಗ್ಯಾಸಿಂದಲ್ಲ ತಗಿ, ಗಾಳಿದು."

ಆ ಪ್ರಶ್ನೆಯಲ್ಲಿ ಇಡೀ ವಿದ್ಯೆ ಇತ್ತು. ಕಾರು ಓಡುವಾಗ ಎದುರುಗಾಳಿ ತಾನಾಗಿ ಕಂಡೆನ್ಸರಿಗೆ ಬಡಿಯುತ್ತದೆ. ನಿಂತಾಗ ಆ ಕೆಲಸವನ್ನು ಫ್ಯಾನು ಮಾಡಬೇಕು. ಫ್ಯಾನಿನ ರಿಲೇ ಸುಟ್ಟಿತ್ತು. ಕಂಡೆನ್ಸರಿನ ತೆಳು ರೆಕ್ಕೆಗಳ ನಡುವೆ ಹೊಲದ ಧೂಳು, ಹುಳ ಗಟ್ಟಿಯಾಗಿ ಕೂತಿತ್ತು. ಬಿಸಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಒತ್ತಡ ಮಿತಿ ಮೀರಿದಾಗ ಸುರಕ್ಷತೆಯ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸಿಬಿಡುತ್ತಿತ್ತು. ಹಿಂದಿನ ಅಂಗಡಿಯವರು ಇದನ್ನು ನೋಡದೆ, ತಂಪಿಲ್ಲ ಎಂದರೆ ಗ್ಯಾಸ್ ಕಡಿಮೆ ಎಂದುಕೊಂಡು, ತೂಗದೆ ತುಂಬಿದ್ದರು. ಗ್ಯಾಸ್ ಹೆಚ್ಚಾದರೆ ತಂಪು ಹೆಚ್ಚಾಗುವುದಿಲ್ಲ. ಕಂಡೆನ್ಸರಿನಲ್ಲಿ ದ್ರವವೇ ತುಂಬಿಕೊಂಡು ಆವಿಗೆ ಜಾಗ ಸಾಲದೆ ಒತ್ತಡ ಇನ್ನೂ ಏರುತ್ತದೆ. ಸಣ್ಣ ಕಾರಿಗೆ ಬೇಕಾದದ್ದು ಅರ್ಧ ಕಿಲೋದ ಆಸುಪಾಸು. ಎಷ್ಟೆಂದು ಬಾನೆಟ್ಟಿನ ಕೆಳಗಿನ ಚೀಟಿಯಲ್ಲೇ ಬರೆದಿರುತ್ತದೆ.

ಉಸ್ತಾದರು ರಿಲೇ ಬದಲಿಸಿದರು. ರೆಕ್ಕೆ ಬಾಗದಂತೆ ನೀರನ್ನು ಮೆಲ್ಲಗೆ ಬಿಟ್ಟು ಕಂಡೆನ್ಸರ್ ತೊಳೆದರು. ಒಳಗಿನ ಬ್ಲೋವರಿನ ಫಿಲ್ಟರ್ ತೆಗೆದು ಕೊಡವಿದರು. ಸೋರಿಕೆ ಇದೆಯೇ ಎಂದು ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ನೋಡಿದರು. ಆಮೇಲೆ ಹೆಚ್ಚಾದ ಗ್ಯಾಸನ್ನು ತೆಗೆಯಲು ವಾಲ್ವ್ ಒತ್ತಿದರು. ಶ್ ಎಂದು ಅದು ಗಾಳಿಗೆ ಹೋಯಿತು.

"ಕಾಕಾ, ಇದನ್ನ ಹಿಡದಿಡ್ಲಿಕ್ಕ ಬರಂಗಿಲ್ಲೇನ್ರಿ?" ಎಂದೆ.

"ಬರ್ತದಲ್ಲ ತಮ್ಮಾ. ಅದಕ್ಕೊಂದು ಮಷಿನ್ ಅದ. ಟ್ರೇನಿಂಗಿನ್ಯಾಗ ತೋರ್ಸಿದ್ರು. ಆ ಮಷಿನ್ ತಗೋಬೇಕಂದ್ರ ಈ ಜಾಗಾ ಮಾರಬೇಕಾಗ್ತದ."

ಅವರಿಗೆ ಗೊತ್ತಿಲ್ಲವೆಂದಲ್ಲ. ಗಿರಾಕಿ ಆ ಖರ್ಚನ್ನು ಕೊಡುವುದಿಲ್ಲ. ಹಾಗೆ ಹೋದ ಆರ್-134ಎ ಓಝೋನನ್ನು ಕೆಡಿಸುವುದಿಲ್ಲ, ನಿಜ. ಆದರೆ ಬಿಸಿ ಹಿಡಿದಿಡುವುದರಲ್ಲಿ, ನೂರು ವರ್ಷದ ಲೆಕ್ಕದಲ್ಲಿ, ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 1,300 ಪಟ್ಟಿಗೂ ಹೆಚ್ಚು. ಅರ್ಧ ಕಿಲೋ ಗ್ಯಾಸು ಗಾಳಿಗೆ ಹೋದರೆ 650 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. 'ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು' ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಗ್ಯಾಸು ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಒಂದೇ ವರ್ಷದಲ್ಲಿ ತಂಪು ಇಲ್ಲದಾಗುವಷ್ಟು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಮುಚ್ಚದೆ ತುಂಬಿಸುವುದು ತೂತು ಮಡಕೆಗೆ ನೀರು ಹೊಯ್ದಂತೆ.

ಅಗ್ಗದ ಗ್ಯಾಸಿನ ಆಸೆ ಇನ್ನೂ ಅಪಾಯಕಾರಿ. 2011ರಲ್ಲಿ ಹಡಗಿನ ಶೀತಲ ಕಂಟೇನರುಗಳು ಸ್ಫೋಟಿಸಿ ಮೂವರು ಸತ್ತರು. ಆರ್-134ಎ ಹೆಸರಿನಲ್ಲಿ ತುಂಬಿದ ನಕಲಿ ಗ್ಯಾಸಿನಲ್ಲಿ ಇದ್ದದ್ದು ಮೀಥೈಲ್ ಕ್ಲೋರೈಡ್. ಅಲ್ಯೂಮಿನಿಯಂ ಜೊತೆ ಬೆರೆತಾಗ ಅದು ಗಾಳಿ ತಾಗಿದರೆ ಹೊತ್ತಿಕೊಳ್ಳುವ ವಸ್ತುವನ್ನು ಹುಟ್ಟಿಸುತ್ತದೆ. ಷಿಕಾಗೊದಲ್ಲಿ 1920ರ ದಶಕದಲ್ಲಿ ಜನರನ್ನು ಕೊಂದದ್ದೂ ಮೀಥೈಲ್ ಕ್ಲೋರೈಡೇ.

*

2016ರ ಅಕ್ಟೋಬರಿನಲ್ಲಿ ರುವಾಂಡಾದ ಕಿಗಾಲಿಯಲ್ಲಿ ಆರ್-134ಎ ಇರುವ ಗುಂಪಿನ ಗ್ಯಾಸುಗಳನ್ನೂ ಇಳಿಸುತ್ತ ಬರುವ ತಿದ್ದುಪಡಿಯಾಯಿತು. ಭಾರತ 2021ರಲ್ಲಿ ಅದನ್ನು ಒಪ್ಪಿದೆ. 2028ರಲ್ಲಿ ನಮ್ಮ ಬಳಕೆ ಒಂದು ಮಿತಿಗೆ ನಿಲ್ಲಬೇಕು, 2032ರಿಂದ ಇಳಿಯುತ್ತ 2047ಕ್ಕೆ ಶೇ. 85ರಷ್ಟು ಕಡಿಮೆಯಾಗಬೇಕು. ಯುರೋಪಿನಲ್ಲಿ 2017ರಿಂದಲೇ ಹೊಸ ಕಾರುಗಳಲ್ಲಿ ಆರ್-134ಎ ಇಲ್ಲ. ಅದರ ಜಾಗಕ್ಕೆ ಬಂದ ಆರ್-1234ವೈಎಫ್ ಗಾಳಿಯಲ್ಲಿ ಬೇಗ ಒಡೆಯುತ್ತದೆ. ಆದರೆ ಒಡೆದಾಗ ಹುಟ್ಟುವ ಆಮ್ಲವೊಂದು ನೀರಿನಲ್ಲಿ ಸೇರಿ ಬಹುಕಾಲ ಉಳಿಯುತ್ತದೆ ಎಂಬ ಆತಂಕ ಈಗ ಎದ್ದಿದೆ. ಪ್ರತಿ ಗ್ಯಾಸೂ ಹಿಂದಿನದರ ತೊಂದರೆಯನ್ನು ಪರಿಹರಿಸಿ ತನ್ನದೊಂದನ್ನು ಬಿಟ್ಟುಹೋಗಿದೆ. ಇದರಿಂದ ನಿರಾಶರಾಗಬೇಕಿಲ್ಲ. ಓಝೋನ್ ಪದರ ಜಗತ್ತಿನ ಬಹುಭಾಗದಲ್ಲಿ 2040ರ ಹೊತ್ತಿಗೆ, ಅಂಟಾರ್ಕ್ಟಿಕದ ಮೇಲೆ 2066ರ ಹೊತ್ತಿಗೆ 1980ರ ಸ್ಥಿತಿಗೆ ಮರಳಬಹುದು ಎಂದು 2023ರಲ್ಲಿ ವಿಶ್ವಸಂಸ್ಥೆಯ ವಿಜ್ಞಾನಿಗಳ ತಂಡ ಹೇಳಿತು. ಕೆಟ್ಟದ್ದನ್ನು ಸರಿಮಾಡಿದ ಉದಾಹರಣೆ ನಮ್ಮ ಕಾಲದ ಚರಿತ್ರೆಯಲ್ಲೂ ಇದೆ.

ಆದರೆ ತಂಪು ಯಾರಿಗೆ ಎಂಬ ಪ್ರಶ್ನೆಗೆ ಗ್ಯಾಸು ಬದಲಾದ ಮಾತ್ರಕ್ಕೆ ಉತ್ತರ ಸಿಗುವುದಿಲ್ಲ. 2024ರ ಏಪ್ರಿಲಿನಲ್ಲಿ ಹೈದರಾಬಾದಿನ ಆ್ಯಪ್ ಟ್ಯಾಕ್ಸಿ ಚಾಲಕರು 'ನೋ ಏಸಿ' ಎಂಬ ಚಳವಳಿ ಮಾಡಿದರು. ಏಸಿ ಹಾಕಿದರೆ ಇಂಧನಕ್ಕೆ ಆಗುವ ಖರ್ಚು ತಮಗೆ ಸಿಗುವ ದರದಲ್ಲಿ ಗಿಟ್ಟುವುದಿಲ್ಲ ಎಂಬುದು ಅವರ ವಾದ. ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬಲದಿಂದ. ಆ ಬಲದ ಬೆಲೆ ಚಾಲಕನ ಜೇಬಿನಿಂದ. ಹಿಂದಿನ ಸೀಟಿನವರಿಗೆ ಅದು ಏಸಿಯ ಗುಂಡಿ, ಮುಂದಿನ ಸೀಟಿನವನಿಗೆ ದಿನದ ಲೆಕ್ಕ. ಇನ್ನು ಲಾರಿ ಚಾಲಕರು. ಎಂಜಿನ್ನಿನ ಕಾವಿನ ಪಕ್ಕದಲ್ಲೇ ದಿನವಿಡೀ ಕೂರುವ ಅವರ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾದದ್ದು 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ. ಪ್ಯಾಕಾರ್ಡ್ ಪ್ರದರ್ಶನವಾಗಿ 86 ವರ್ಷಗಳ ಮೇಲೆ.

ನಮ್ಮಲ್ಲಿ ಹಿರಿಯರು ಹರಸುವಾಗ "ನಿನ್ನ ಹೊಟ್ಟೆ ತಣ್ಣಗಿರಲಿ" ಎನ್ನುತ್ತಾರೆ. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟಿಗೆ ಇಡುವುದನ್ನು ಪುಣ್ಯವೆಂದರು. ತಂಪು ಹಂಚಿಕೊಳ್ಳಬೇಕಾದದ್ದು ಎಂಬ ತಿಳಿವಳಿಕೆ ಅದರಲ್ಲಿದೆ. ಆ ಕಾಲಕ್ಕೆ ಮರಳಿ ಹೋಗಿ, ಏಸಿ ಬಿಡಿ ಎಂದು ನಾನು ಹೇಳುತ್ತಿಲ್ಲ. 44 ಡಿಗ್ರಿಯಲ್ಲಿ ಹಸುಗೂಸನ್ನೋ ರೋಗಿಯನ್ನೋ ಕಾರಿನಲ್ಲಿ ಕರೆದೊಯ್ಯುವವರಿಗೆ ಏಸಿ ಐಷಾರಾಮವಲ್ಲ.

ಹೇಳುವುದು ಇಷ್ಟೇ. ಕಾರು ತಂಪಾಗದಿದ್ದಾಗ ಮೊದಲು ಬಿಸಿ ಹೊರಗೆ ಹೋಗುವ ದಾರಿ ನೋಡಿಸಿ: ಫ್ಯಾನು ತಿರುಗುತ್ತಿದೆಯೇ, ಕಂಡೆನ್ಸರ್ ಕಟ್ಟಿಕೊಂಡಿದೆಯೇ, ಫಿಲ್ಟರ್ ಚೊಕ್ಕಟವಾಗಿದೆಯೇ. ಗ್ಯಾಸ್ ಕಡಿಮೆ ಎಂದರೆ ಸೋರುವ ಜಾಗ ತೋರಿಸಿ ಎನ್ನಿ. ಹಳೆಯದನ್ನು ಗಾಳಿಗೆ ಬಿಡದೆ ಮಷಿನ್ನಿನಲ್ಲಿ ಹಿಡಿದು, ವ್ಯಾಕ್ಯೂಮ್ ಮಾಡಿ, ತೂಗಿ ತುಂಬುವ ಕಡೆ ಹೋಗಿ, ಅದಕ್ಕೆ ಹೆಚ್ಚು ಕೂಲಿ ಕೇಳಿದರೆ ಕೊಡಿ. ಆ ಮಷಿನ್ನನ್ನು ಸಣ್ಣ ಗ್ಯಾರೇಜಿನವರಿಗೆ ಕೈಗೆಟುಕುವಂತೆ ಮಾಡುವುದು ಸರ್ಕಾರದ ಕೆಲಸ. 1990ರಲ್ಲಿ ಲಂಡನ್ನಿನಲ್ಲಿ ನಮ್ಮ ದೇಶ ಜಗತ್ತಿನ ಮುಂದೆ ಇಟ್ಟ ವಾದವೂ ಅದೇ ಆಗಿತ್ತು: ಬದಲಾಗು ಎಂದು ಹೇಳುವವರು ಬದಲಾಗುವ ಖರ್ಚಿನಲ್ಲೂ ಪಾಲು ಕೊಡಬೇಕು. 2028ಕ್ಕೆ ಹೆಚ್ಚು ಬೇಸಿಗೆಗಳು ಉಳಿದಿಲ್ಲ.